‘ಧ್ವನಿಸು’ ಎಂದಾಗ ಧ್ವನಿಸುವುದು ಯಾವುದು?

“ಈ ಸಲವಾದರೂ ಹೊತ್ತಿಗೆ ಸರಿಯಾಗಿ ಬಂದ್ರಲ್ಲ!”

ಈ ಮಾತಿನಲ್ಲಿ ಬೈಗುಳವಿಲ್ಲ, ಹಿಂದೆ ತಡಮಾಡಿದ್ದರ ಪ್ರಸ್ತಾಪವೂ ಇಲ್ಲ. ಆದರೂ ಕೇಳಿಸಿಕೊಂಡವರ ಮುಖ ಸಣ್ಣಗಾಗುತ್ತದೆ. ‘ಈ ಸಲವಾದರೂ’ ಎಂಬುದನ್ನು ತೆಗೆದುಬಿಡಿ, ಉಳಿಯುವುದು ಬರೀ ಮೆಚ್ಚುಗೆ. ಹೀಗೆ ಬಾಯಿಬಿಟ್ಟು ಹೇಳದ ಅರ್ಥವೊಂದು ಮಾತಿನೊಳಗಿಂದ ಹೊಮ್ಮಿದರೆ ಅದನ್ನು ‘ಧ್ವನಿಸು’ ಎನ್ನುತ್ತೇವೆ: “ಮೆಚ್ಚುಗೆಯಲ್ಲೂ ಅಸಮಾಧಾನ ಧ್ವನಿಸುತ್ತಿತ್ತು.”

ಧ್ವನಿ ಎಂದರೆ ಮೊದಲಿಗೆ ಸದ್ದು. ಸದ್ದಿನ ಪದ ಒಳಾರ್ಥಕ್ಕೆ ಹೇಗೆ ಬಂತು? 9ನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದ ಜೀವವೇ ಧ್ವನಿ ಎಂದವನು. ಘಂಟೆ ಬಡಿದ ಮೇಲೂ ಗುಂಯ್‌ಗುಡುವ ಅನುರಣನದಂತೆ, ನೇರ ಅರ್ಥ ತಿಳಿದ ಮೇಲೆ ಇನ್ನೊಂದು ಅರ್ಥ ಕಿವಿಗೆ ಬೀಳುತ್ತದೆ ಎಂಬ ಹೋಲಿಕೆ ಆ ಧ್ವನಿ ಸಿದ್ಧಾಂತದಲ್ಲಿದೆ. ಅದೇ ಶತಮಾನದ ಕನ್ನಡದ ಕವಿರಾಜಮಾರ್ಗದಲ್ಲೂ “ಧ್ವನಿಯೆಂಬುದಳಂಕಾರಂ, ಧ್ವನಿಯಿಸುಗುಂ” ಎಂದು ಬರುತ್ತದೆ. ಈ ಕ್ರಿಯಾಪದ ನಮಗೆ ಹೊಸದಲ್ಲ, ಸಾವಿರ ವರ್ಷ ಮೀರಿದ್ದು.

ಬಳಸುವಾಗ ಎಡವುವುದು ಕರ್ತೃಪದದಲ್ಲಿ. ಧ್ವನಿಸುವುದು ಅರ್ಥ, ಮನುಷ್ಯನಲ್ಲ. “ಅವರ ಪತ್ರದಲ್ಲಿ ಬೇಸರ ಧ್ವನಿಸುತ್ತದೆ” ಎಂದರೆ ಸಹಜ. “ಅವರು ಬೇಸರವನ್ನು ಧ್ವನಿಸಿದರು” ಎಂದರೆ ನನ್ನ ಕಿವಿಗೆ ಒರಟು. ವಿಮರ್ಶಕರು ಮಾತ್ರ “ಕವಿ ಇಲ್ಲಿ ವಿರಹವನ್ನು ಧ್ವನಿಸುತ್ತಾನೆ” ಎಂದು ಬರೆಯುವುದುಂಟು, ಅದು ರೂಢಿಯಾಗಿಬಿಟ್ಟಿದೆ. ವ್ಯಕ್ತಿಯನ್ನೇ ಕರ್ತೃವಾಗಿಸಬೇಕೆಂದರೆ “ಬೇಸರ ಧ್ವನಿಸುವಂತೆ ಬರೆದರು” ಎಂದರಾಯಿತು.

ಹತ್ತಿರದ ಪದಗಳಲ್ಲಿ ‘ಉಲ್ಲೇಖಿಸು’ ತೀರ ಬೇರೆ. ಹೆಸರು ಹಿಡಿದು ಹೇಳಿದರಷ್ಟೇ ಅದು ಉಲ್ಲೇಖ. ಹೆಸರೆತ್ತದೆ ಪರೋಕ್ಷವಾಗಿ ಹೇಳುವುದು ಎಂಬರ್ಥದ ಇಂಗ್ಲಿಷಿನ ‘ಅಲ್ಯೂಡ್’ಗೆ ಕೆಲವರು ಕಣ್ಣುಮುಚ್ಚಿ ‘ಉಲ್ಲೇಖಿಸು’ ಎಂದು ಬರೆಯುತ್ತಾರೆ, ಅಲ್ಲಿಗೆ ಮಾತಿನ ಮರೆಯೇ ಹರಿದುಹೋಗುತ್ತದೆ. ‘ಸೂಚಿಸು’ ಪರವಾಗಿಲ್ಲ, ಆದರೆ ಅದಕ್ಕೆ ಬೇರೆ ಉದ್ಯೋಗಗಳೂ ಇವೆ. ಸಭೆಯಲ್ಲಿ ಒಬ್ಬರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಕಚೇರಿಯ ಪತ್ರದಲ್ಲಿ “ಹಾಜರಾಗಲು ಸೂಚಿಸಲಾಗಿದೆ” ಎಂದಿದ್ದರೆ ಅದು ಸಾಕ್ಷಾತ್ ಆಜ್ಞೆ!

ಧ್ವನಿಸುವ ಮಾತಿಗೆ ಕೇಳುಗನೂ ಬೇಕು. “ಹೊತ್ತು ಮುಳುಗಿತು” ಎಂಬುದು ಕಾವ್ಯಶಾಸ್ತ್ರದ ಹಳೆಯ ಉದಾಹರಣೆ. ದನ ಕಾಯುವವನಿಗೆ ಅದು ದನ ಹೊಡೆದುಕೊಂಡು ಹೋಗೋಣ ಎಂದು ಕೇಳಿಸುತ್ತದೆ, ಕಾದು ಕೂತ ಪ್ರೇಯಸಿಗೆ ನಲ್ಲ ಬರುವ ಸಮಯವಾಯಿತು ಎಂದು. ಆಡಿದವರನ್ನು ಹಿಡಿದು ಕೇಳಿದರೆ “ನಾನೆಲ್ಲಿ ಹಾಗಂದೆ?” ಎಂದು ಜಾರಿಕೊಳ್ಳಬಹುದು. ತಡವಾಗಿ ಬರುವವರನ್ನು ಚುಚ್ಚಿದವರೂ ಹೇಳುವುದು ಇದನ್ನೇ.