ಬಡ್ಡಿ ಇಲ್ಲದ ಕಂತು ಎಲ್ಲಿದೆ, ತೋರಿಸಿ

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಚೇರಿಗೆ ಬರುವವರ ಮಾತು ರಿಟರ್ನ್ಸು, ನೋಟಿಸು ಬಿಟ್ಟು ಟಿವಿ, ಫ್ರಿಜ್ಜಿನ ಕಡೆ ತಿರುಗುತ್ತದೆ. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯ ಅಂಗಡಿಗಳ ಮುಂದೆ ಬಲೂನು ಕಟ್ಟಿರುತ್ತಾರೆ. ಮೊಬೈಲು ತೆಗೆದರೆ ಅಲ್ಲೂ ಆಫರ್. ಯಾವ ವಸ್ತು ಒಳ್ಳೆಯದು ಅನ್ನುವುದರಲ್ಲಿ ನಾನು ಸಲಹೆ ಕೊಡುವುದಿಲ್ಲ. ಅದರಲ್ಲಿ ನಿಮ್ಮ ಮನೆಯ ಪಿಯುಸಿ ಹುಡುಗ ನನಗಿಂತ ಜಾಣ. ಎಂಆರ್‌ಪಿ ಮೇಲಿನ ಕಡಿತ ನೋಡಿ ಮರುಳಾಗಬೇಡಿ, ಮಾಡೆಲ್ ನಂಬರನ್ನು ಕೊನೆಯ ಅಕ್ಷರದ ತನಕ ಹೋಲಿಸಿ, ಬಿಲ್ ತಗೊಳ್ಳಿ. ಇಷ್ಟು ಎಲ್ಲರಿಗೂ ಗೊತ್ತು. ಓದಿದವರು, ಓದದವರು ಎಲ್ಲರೂ ಎಡವುವ ಜಾಗ ಬೇರೆ. ಅದು 'ನೋ ಕಾಸ್ಟ್ ಇಎಂಐ', ಅಂದರೆ ಬಡ್ಡಿ ಇಲ್ಲ ಅಂತ ಹೇಳಿ ಕೊಡುವ ತಿಂಗಳ ಕಂತು.

"ಸಾರ್, ಬಡ್ಡಿನೇ ಇಲ್ವಂತೆ. ಬರೀ ಕಂತು ಕಟ್ಕೊಂಡು ಹೋದ್ರಾಯ್ತು."

"ಅಲ್ಲ ಗೌಡ್ರೇ, ಬಡ್ಡಿ ಇಲ್ದೆ ಸಾಲ ಕೊಡೋಕೆ ಅವರೇನು ನಿಮ್ಮ ಸೋದರಮಾವನಾ?"

ನಗುತ್ತಾರೆ. ನಕ್ಕು ಸೀದಾ ಅಂಗಡಿಗೆ ಹೋಗಿ ಕಂತಿಗೇ ಸಹಿ ಹಾಕುತ್ತಾರೆ. ಪ್ರತಿ ವರ್ಷದ ಕಥೆ ಇದು. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ಬರೆಯುತ್ತಿದ್ದೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

36,000 ರೂಪಾಯಿಯ ಟಿವಿ ಅಂದುಕೊಳ್ಳಿ. ಆನ್‌ಲೈನಿನಲ್ಲಿ ಕ್ರೆಡಿಟ್ ಕಾರ್ಡ್ ಮೇಲೆ ಆರು ಕಂತು, ತಿಂಗಳಿಗೆ 6,000. ಆರು ಆರ್ಲಿ ಮೂವತ್ತಾರು, ಬಡ್ಡಿ ಎಲ್ಲಿ ಬಂತು ಅಂತ ನೀವು ಕೇಳುತ್ತೀರಿ. ಬ್ಯಾಂಕು ವರ್ಷಕ್ಕೆ ಶೇ 16ರ ಬಡ್ಡಿ ಹಾಕುತ್ತದೆ ಅನ್ನೋಣ. ತಿಂಗಳಿಗೆ 6,000ದಂತೆ ಆರು ಕಂತಿನಲ್ಲಿ ತೀರಬೇಕಾದರೆ ಅಸಲು 34,378 ಮಾತ್ರ ಇರಲು ಸಾಧ್ಯ. ಉಳಿದ 1,622 ಬಡ್ಡಿ. ಮಾರುವವರು ಆ 1,622ನ್ನು ಬೆಲೆಯಲ್ಲಿ ರಿಯಾಯಿತಿ ಅಂತ ಬಿಡುತ್ತಾರೆ, ಬ್ಯಾಂಕು ಅಷ್ಟನ್ನೇ ಬಡ್ಡಿ ಅಂತ ತೆಗೆದುಕೊಳ್ಳುತ್ತದೆ. ನಿಮಗೆ ಕಾಣುವುದು ಸೊನ್ನೆ.

ಸೊನ್ನೆಯೂ ಅಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ 18 ಜಿಎಸ್‌ಟಿ ಇದೆ. 1,622ಕ್ಕೆ 292 ರೂಪಾಯಿ. ಅದನ್ನು ಯಾರೂ ಬಿಡುವುದಿಲ್ಲ, ನೀವೇ ಕಟ್ಟಬೇಕು. ಪ್ರೊಸೆಸಿಂಗ್ ಶುಲ್ಕ 199 ಅಂದರೆ ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 527 ರೂಪಾಯಿ ಜಾಸ್ತಿ ಹೋಯಿತು. ನಿಮ್ಮ ಕಾರ್ಡಿನ ದರ, ಶುಲ್ಕ ಬೇರೆ ಇರಬಹುದು, ಷರತ್ತು ಓದಿ ನೀವೇ ಲೆಕ್ಕ ಹಾಕಿಕೊಳ್ಳಿ.

ನನ್ನ ತಕರಾರು ಈ 527ರ ಬಗ್ಗೆ ಅಲ್ಲ. ಆ 1,622ರ ಬಗ್ಗೆ. ಮಾರುವವರು ಅಷ್ಟನ್ನು ಬಿಡಲು ತಯಾರಿದ್ದರು ಅಲ್ವಾ? ಕಂತು ಬೇಡ, ಪೂರ್ತಿ ಹಣ ಈಗಲೇ ಕೊಡುತ್ತೇನೆ ಅಂದರೆ ಆ ದುಡ್ಡು ನಿಮಗೆ ಸಿಗಬೇಕಿತ್ತು. ಆನ್‌ಲೈನಿನಲ್ಲಿ ಕೇಳಲು ಆಗುವುದಿಲ್ಲ, ಅಲ್ಲಿ ಮಾತಾಡುವವರೇ ಇಲ್ಲ. ನಮ್ಮೂರಿನ ಅಂಗಡಿಯಲ್ಲಿ ಕೇಳಬಹುದು. ಅಲ್ಲಿ ಕಂತಿನ ವ್ಯಾಪಾರ ಆದರೆ ಫೈನಾನ್ಸ್ ಕಂಪನಿ ತನ್ನ ಪಾಲು ಹಿಡಿದುಕೊಂಡೇ ಅಂಗಡಿಯವರಿಗೆ ಹಣ ಕೊಡುತ್ತದೆ. ಕೆಲವು ಸಲ ಆ ಹೊರೆ ತಯಾರಿಕಾ ಕಂಪನಿಯದ್ದು, ಕೆಲವು ಸಲ ಅಂಗಡಿಯದ್ದು, ಕೆಲವು ಸಲ ಇಬ್ಬರದ್ದೂ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ "ತಿಂಗಳಿಗೆ ಎಷ್ಟು ಬೀಳುತ್ತೆ?" ಅಲ್ಲ. "ಇವತ್ತೇ ಪೂರ್ತಿ ಯುಪಿಐ ಮಾಡಿದರೆ ಎಷ್ಟಕ್ಕೆ ಕೊಡ್ತೀರಿ?" ಕೇಳಿ ಸುಮ್ಮನಿರಿ. ಹುಡುಗ ಒಳಗೆ ಹೋಗಿ ಮಾಲೀಕರನ್ನು ಕೇಳಿಕೊಂಡು ಬರುತ್ತಾನೆ. ಬಂದು ಹೇಳುವ ಅಂಕಿಯೇ ಆ ವಸ್ತುವಿನ ಬೆಲೆ. ಎರಡೂ ಬೆಲೆ ಒಂದೇ ಆಗಿದ್ದು, ಶುಲ್ಕವೂ ಇಲ್ಲ, ನಿಮಗೆ ತಿಂಗಳ ಸಂಬಳವೂ ಬರುತ್ತದೆ ಅಂದರೆ ಕಂತೇ ತಗೊಳ್ಳಿ, ನನ್ನ ಅಡ್ಡಿ ಏನಿಲ್ಲ.

ಅಂಗಡಿಯ ಕಂತಿನಲ್ಲಿ ಇನ್ನೊಂದು ಚಮತ್ಕಾರ ಇದೆ. '12/4' ಅನ್ನುತ್ತಾರೆ. ಹನ್ನೆರಡು ಕಂತು, ನಾಲ್ಕು ಮೊದಲೇ. ಅದೇ 36,000ದ ಟಿವಿಗೆ 12,000 ಅಲ್ಲೇ ಎಣಿಸಿ ಕೊಟ್ಟಿರುತ್ತೀರಿ. ಉಳಿದದ್ದು 24,000, ಎಂಟು ತಿಂಗಳು. ಆದರೂ ಮನೆಗೆ ಬಂದು "ಒಂದು ವರ್ಷ ಟೈಮ್ ಕೊಟ್ಟಿದ್ದಾರೆ" ಅಂತಲೇ ಹೇಳುವುದು.

ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ಹೆಸರಲ್ಲಿ ಮುಚ್ಚಿಡುತ್ತಾರೆ ಅಂತ ಅದೇ ಹೇಳಿದ್ದು. ಈಗ ಇನ್ನೊಂದು ಅನುಕೂಲ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಕನ್ನಡದಲ್ಲಿ ಕೇಳಿ. ಕ್ರೆಡಿಟ್ ಕಾರ್ಡಿಗೆ ಈ ನಿಯಮ ಬರುವುದಿಲ್ಲ. ಅಂಗಡಿಯಲ್ಲಿ ಫೈನಾನ್ಸ್ ಕಂಪನಿಯ ಹುಡುಗ ಫೋನಿನಲ್ಲಿ ಒಟಿಪಿ ಕೇಳುವ ಮೊದಲು ಈ ಹಾಳೆ ಕೇಳಬೇಕು. ಒಟಿಪಿ ಹೇಳಿದ ಮೇಲೆ ನನ್ನ ಹತ್ತಿರ ಬಂದರೆ ನಾನೇನು ಮಾಡಲಿ?

ನಮ್ಮ ಮಲೆನಾಡಿಗೆ ಕಂತು ಒಗ್ಗದಿರುವುದಕ್ಕೆ ಇನ್ನೊಂದು ಕಾರಣ ಇದೆ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ದೀಪಾವಳಿಗೆ ವಾಷಿಂಗ್ ಮಷಿನ್ ತಗೊಂಡಿದ್ದರು, ಕಂತಿನಲ್ಲಿ. ಕೊಯ್ಲು ಮುಗಿಯಿತು, ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದರು, ದುಡ್ಡು ಬಂತು. ಮಾರ್ಚಿನೊಳಗೆ ಸೊಸೈಟಿ ಸಾಲ ಕಟ್ಟಿದರು. ಮಳೆ ಹಿಡಿಯಿತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು, ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ. ಜುಲೈ ಹೊತ್ತಿಗೆ ಎಸ್‌ಬಿ ಖಾತೆ ಬರಿದಾಗಿತ್ತು. ಪಾಸ್‌ಬುಕ್ ನನ್ನ ಮೇಜಿನ ಮೇಲಿಟ್ಟು "ಇದೇನಿದು ನೋಡಿ" ಅಂದರು. ಜುಲೈನಲ್ಲಿ ಒಂದು 590, ಆಗಸ್ಟಿನಲ್ಲಿ ಒಂದು 590. ಕಂತು ವಾಪಸ್ ಹೋದದ್ದಕ್ಕೆ ಬ್ಯಾಂಕಿನ ದಂಡ 500, ಅದರ ಜಿಎಸ್‌ಟಿ 90. ಸಾಲ ಕೊಟ್ಟ ಕಂಪನಿಯ ದಂಡ ಬೇರೆ. ಮುಂದೆ ಬೆಳೆಸಾಲದ ನವೀಕರಣಕ್ಕೆ ಹೋದಾಗ ಸಾಲ ಕಟ್ಟಿದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲೂ ಇದೇ ಎದ್ದು ಕೂತಿತ್ತು.

"ಬಡ್ಡಿ ಇಲ್ಲ ಅಂದಿದ್ರು ಮಾರಾಯ್ರೇ. ದಂಡ ಇಲ್ಲ ಅಂತ ಯಾರೂ ಹೇಳಿರಲಿಲ್ಲ, ಅದು ನಿಜ" ಅಂದರು. ಇಷ್ಟಾದರೂ ಅವರಿಗೆ ನಗಲು ಬಂತು, ನನಗೆ ಬರಲಿಲ್ಲ.

ವರ್ಷಕ್ಕೊಮ್ಮೆ ದುಡ್ಡು ಕಾಣುವ ಮನೆ ತಿಂಗಳ ಕಂತು ಒಪ್ಪಿಕೊಳ್ಳಬಾರದು. ಹಬ್ಬದ ಮಾರಾಟ ಬರುವುದು ಕೊಯ್ಲು ಶುರುವಾಗುವ ಹೊತ್ತಿಗೆ, ಅಂದರೆ ನಮ್ಮ ಕೈ ಖಾಲಿ ಇರುವಾಗ. ಜನವರಿ 26ರ ಸುತ್ತ ಇನ್ನೊಂದು ಸುತ್ತಿನ ರಿಯಾಯಿತಿ ಇದ್ದೇ ಇರುತ್ತದೆ. ಅಷ್ಟರಲ್ಲಿ ಒಂದಿಷ್ಟು ರಾಶಿ ಅಡಿಕೆ ಮಂಡಿಯಲ್ಲಿ ವಿಲೇವಾರಿ ಆಗಿದ್ದರೆ ಪೂರ್ತಿ ಹಣ ಹಿಡಿದು ಚೌಕಾಸಿ ಮಾಡಬಹುದು. ಬೇಸಿಗೆ ಗುಡುಗು ಮಳೆಗೆ ಮುಂಚೆ ಸ್ಟೆಬಿಲೈಸರ್ ಸಮೇತ ಕೇಳಿ. ಸಿಡಿಲಿಗೆ, ವೋಲ್ಟೇಜ್ ಏರುಪೇರಿಗೆ ಸುಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಜಿಎಸ್‌ಟಿ ಬಗ್ಗೆಯೂ ಕೇಳುತ್ತಲೇ ಇರುತ್ತಾರೆ, ಬೇಗ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಎಸಿ, ಡಿಶ್‌ವಾಷರ್ ಶೇ 28ರಿಂದ 18ಕ್ಕೆ ಇಳಿದವು. ಫ್ರಿಜ್, ವಾಷಿಂಗ್ ಮಷಿನ್, ಮೊಬೈಲ್ ಮೊದಲೇ 18ರಲ್ಲಿದ್ದವು, ಅವು ಯಾಕೆ ಇಳಿಯಲಿಲ್ಲ ಅಂತ ಅಂಗಡಿಯವರ ಜತೆ ಜಗಳ ಬೇಡ. ಇಳಿದದ್ದರಲ್ಲೂ ನೂರು ರೂಪಾಯಿಯ ಮಾಲು ತೆರಿಗೆ ಸೇರಿ 128 ಇದ್ದದ್ದು 118 ಆಯಿತು. ಬಿಲ್ಲಿನ ಮೊತ್ತದಲ್ಲಿ ಅದು ಸುಮಾರು ಶೇ 7.8, ಹತ್ತಲ್ಲ.

ಇನ್ನು ಕಾರ್ಡಿನ ರಿಯಾಯಿತಿ. 'ಶೇ 10' ಅಂತ ದಪ್ಪಕ್ಷರದಲ್ಲಿರುತ್ತದೆ, 'ಗರಿಷ್ಠ 1,500' ಅಂತ ಕೆಳಗೆ ಸಣ್ಣಗೆ. 36,000ಕ್ಕೆ 3,600 ಅಂತ ಮನಸ್ಸಿನಲ್ಲೇ ಕಳೆದುಬಿಟ್ಟಿರುತ್ತೀರಿ. ಬಿಲ್ಲಿನಲ್ಲೇ ಕಡಿತವಾದರೆ ಸರಿ. ಕ್ಯಾಶ್‌ಬ್ಯಾಕ್ ಅಂದರೆ ತಡವಾಗಿ ಬರುವ ಹಣ. ಷರತ್ತಿನ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದು ಬೇಕು.

ಕಾರ್ಡಿನ ಕಂತಿನಲ್ಲಿ ತಗೊಂಡ ವಸ್ತುವನ್ನು ವಾಪಸ್ ಕಳಿಸಿದಿರಾ? ಮಾರಿದವರು ಹಣ ಹಿಂದಿರುಗಿಸಿದರೂ ಬ್ಯಾಂಕಿನ ಕಂತು ತಾನಾಗಿ ನಿಂತಿದೆ ಅಂತ ಅಂದುಕೊಳ್ಳಬೇಡಿ. ಫೋನ್ ಮಾಡಿ ರದ್ದು ಮಾಡಿಸಿ, ಮುಂದಿನ ಎರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ಪ್ರೊಸೆಸಿಂಗ್ ಶುಲ್ಕವಂತೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆದರೂ ಒಮ್ಮೆ ಕೇಳಿ ನೋಡಿ.