ಮುಳ್ಳು ಕೆಳಗಿಳಿದರೆ ಇಂಜಿನ್ ತಣ್ಣಗಾಯಿತು ಅಂತಲ್ಲ

ಮೊನ್ನೆ ಒಂದು ಕಾರಿನ ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲೆ ಕೂರುವ ಲೋಹದ ಭಾಗ, ಬಿಚ್ಚಿ ಮೇಜಿನ ಮೇಲೆ ಮಗುಚಿ ಇಟ್ಟೆ. ಚೆನ್ನಾಗಿ ಒರೆಸಿ, ಉಕ್ಕಿನ ನೇರಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ, ಕೆಳಗಿನ ಸಂದಿಯಲ್ಲಿ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಲೋಹದ ಎಲೆಗಳನ್ನು ತೂರಿಸಿದೆ. 0.05 ಮಿಲಿಮೀಟರ್ ಎಲೆ ಸಲೀಸಾಗಿ ಹೋಯಿತು. 0.1ರದ್ದೂ ಹೋಯಿತು. 0.25ರ ಎಲೆ ಕೂಡ ಎಲ್ಲೂ ತಾಗದೆ ಆಚೆ ಬಂತು. ಹೆಚ್ಚಿನ ಕಾರುಗಳಲ್ಲಿ ಬಿಸಿಗೆ 0.05ರಿಂದ 0.1 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿದ್ದರೆ ಆ ಹೆಡ್ಡನ್ನು ಹಾಗೇ ಕೂರಿಸುವಂತಿಲ್ಲ. ಕಾರಿನವರು ಪಕ್ಕದಲ್ಲೇ ನಿಂತಿದ್ದರು. "ದಾರಿ ಮಧ್ಯದಲ್ಲಿ ಬಿಸಿ ಮೀಟರಿನ ಮುಳ್ಳು ಕೆಳಗೆ ಬಂದಿತ್ತಲ್ಲ ಸರ್, ತಣ್ಣಗಾಯ್ತು ಅಂತ ಓಡಿಸಿಕೊಂಡು ಬಂದೆ" ಅಂದರು.

ಈ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಪ್ರತಿ ಸಲವೂ ಹೊಟ್ಟೆ ಚುರುಕ್ ಅನ್ನುತ್ತದೆ. ಯಾಕೆಂದರೆ ಆ ಮುಳ್ಳು ಏನನ್ನು ತೋರಿಸುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅದು ಇಂಜಿನ್ನಿನ ಲೋಹದ ಬಿಸಿಯನ್ನು ತೋರಿಸುವುದಿಲ್ಲ, ಇಂಜಿನ್ ತಣ್ಣಗಿಡಲು ಒಳಗೆ ಓಡಾಡುವ ದ್ರವದ, ಅಂದರೆ ಕೂಲಂಟಿನ ಬಿಸಿಯನ್ನು ತೋರಿಸುತ್ತದೆ. ಸೆನ್ಸರ್ ಕೂಲಂಟಿನಲ್ಲಿ ಮುಳುಗಿರುವಷ್ಟು ಹೊತ್ತು ಅದು ಹೇಳುವುದು ನಿಜ. ಪೈಪ್ ಒಡೆದು ಕೂಲಂಟೆಲ್ಲ ಸೋರಿಹೋದರೆ ಸೆನ್ಸರ್ ಸುತ್ತ ಉಳಿಯುವುದು ಬರೀ ಗಾಳಿ, ಹಬೆ. ಆಗ ಮುಳ್ಳು ಇಳಿದುಬಿಡಬಹುದು. ಇಂಜಿನ್ ಮಾತ್ರ ಒಳಗೆ ಸುಡುತ್ತಲೇ ಇರುತ್ತದೆ. ಒಮ್ಮೆ ಕೆಂಪಿಗೆ ಏರಿದ ಮುಳ್ಳು, ನೀವು ಏನೂ ಮಾಡದೆ, ಕಾರು ಓಡುತ್ತಿರುವಾಗಲೇ ತಾನಾಗಿ ಇಳಿಯಿತು ಅಂದರೆ ದಯವಿಟ್ಟು ಸಮಾಧಾನ ಪಡಬೇಡಿ. ತಕ್ಷಣ ಪಕ್ಕಕ್ಕೆ ಹಾಕಿ.

ಇನ್ನೊಂದು ವಿಷಯ. ಹಲವು ಕಾರುಗಳಲ್ಲಿ ಮುಳ್ಳನ್ನು ಬೇಕಂತಲೇ ಮಧ್ಯದಲ್ಲಿ ನಿಲ್ಲುವ ಹಾಗೆ ಮಾಡಿರುತ್ತಾರೆ. ಕೂಲಂಟ್ 80 ಡಿಗ್ರಿ ಇದ್ದರೂ, 100 ಡಿಗ್ರಿ ಇದ್ದರೂ ಮುಳ್ಳು ಅಲ್ಲಾಡುವುದಿಲ್ಲ, ಸುಮ್ನೆ ಓಡಿಸುವವರಿಗೆ ಗಾಬರಿ ಬೇಡ ಅಂತ. ಹಾಗಾಗಿ ಅದು ಮಧ್ಯ ಬಿಟ್ಟು ಸ್ವಲ್ಪ ಮೇಲೆ ಹೊರಟಿದೆ ಅಂದರೆ ವಿಷಯ ಆಗಲೇ ಮುಂದೆ ಹೋಗಿದೆ ಅಂತ ಅರ್ಥ. ಮುಳ್ಳೇ ಇಲ್ಲದೆ ಬರೀ ದೀಪ ಇರುವ ಕಾರಾದರೆ ಕೆಂಪು ದೀಪ ಬಂದ ಮೇಲೆ ಯೋಚನೆ ಮಾಡಲು ಸಮಯವೇ ಇಲ್ಲ.

ಎಸಿ ಕೂಡ ಕೆಲವೊಮ್ಮೆ ಮುಂಚೆಯೇ ಸುಳಿವು ಕೊಡುತ್ತದೆ. ಇಂಜಿನ್ ಬಿಸಿ ಮಿತಿ ಮೀರುತ್ತಿದ್ದರೆ ಅನೇಕ ಕಾರುಗಳ ಕಂಪ್ಯೂಟರ್ ತಾನೇ ಎಸಿ ಕಂಪ್ರೆಸರ್ ಬಂದ್ ಮಾಡುತ್ತದೆ. ತಣ್ಣಗೆ ಬರುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಬೆಚ್ಚಗಾದರೆ ಗ್ಯಾಸ್ ಖಾಲಿ ಆಯಿತೇನೋ ಅಂತ ಬೈದುಕೊಳ್ಳುವ ಮೊದಲು ಮೀಟರ್ ಕಡೆ ಒಮ್ಮೆ ನೋಡಿ.

ಸರಿ, ಮುಳ್ಳು ಏರುತ್ತಿದೆ. ಇನ್ನೂ ಕೆಂಪು ಮುಟ್ಟಿಲ್ಲ, ಹಬೆ ಬರುತ್ತಿಲ್ಲ, ಗಾಡಿ ನಿಲ್ಲಿಸಲು ಜಾಗ ಇನ್ನೂ ಸ್ವಲ್ಪ ಮುಂದೆ ಇದೆ. ಆಗ ಮೊದಲು ಎಸಿ ಆಫ್ ಮಾಡಿ. ಎಸಿಯ ಕಂಡೆನ್ಸರ್ ಕೂತಿರುವುದು ರೇಡಿಯೇಟರ್ ಮುಂದೆ. ಅದು ಬಿಡುವ ಬಿಸಿಗಾಳಿಯೇ ರೇಡಿಯೇಟರ್‌ಗೆ ಹೋಗುತ್ತದೆ, ಜೊತೆಗೆ ಕಂಪ್ರೆಸರ್ ತಿರುಗಿಸುವ ಹೊರೆಯೂ ಇಂಜಿನ್ ಮೇಲೆಯೇ. ಆಮೇಲೆ ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಹಾಕಿ. ಉರಿಬಿಸಿಲಲ್ಲಿ ಹೀಟರ್ ಹಾಕಿ ಅಂದರೆ ಜನ ನನ್ನ ಮುಖ ನೋಡುತ್ತಾರೆ. ಆದರೆ ಡ್ಯಾಶ್‌ಬೋರ್ಡ್ ಹಿಂದೆ ಇರುವ ಹೀಟರ್ ಕೋರ್ ಅಂದರೆ ಬೇರೇನಲ್ಲ, ಪುಟ್ಟದೊಂದು ರೇಡಿಯೇಟರ್. ಅದೇ ಕೂಲಂಟ್ ಅದರಲ್ಲೂ ಓಡುತ್ತದೆ. ಬ್ಲೋವರ್ ಅದರ ಬಿಸಿಯನ್ನು ಎಳೆದು ನಿಮ್ಮ ಮುಖಕ್ಕೆ ಹೊಡೆದಷ್ಟೂ ಇಂಜಿನ್ನಿನ ಬಿಸಿ ಅಷ್ಟು ಕಡಿಮೆ. ಗಾಳಿಯನ್ನು ಕಾಲಿನ ಕಡೆ ತಿರುಗಿಸಿಕೊಳ್ಳಿ. ಮುಂದಿನ ಗಾಜಿನ ಮಂಜು ಬಿಡಿಸುವ ಬಟನ್ ಮಾತ್ರ ಒತ್ತಬೇಡಿ, ಬಹಳಷ್ಟು ಕಾರುಗಳಲ್ಲಿ ಅದನ್ನು ಒತ್ತಿದರೆ ಎಸಿ ತಾನಾಗಿ ಆನ್ ಆಗುತ್ತದೆ.

ಇಲ್ಲೇ ಇನ್ನೊಂದು ಪರೀಕ್ಷೆಯೂ ಆಗಿಬಿಡುತ್ತದೆ. ಮುಳ್ಳು ಮೇಲಿದೆ, ಹೀಟರ್ ಪೂರ್ತಿ ಬಿಸಿಗೆ ಇಟ್ಟಿದ್ದೀರಿ, ಆದರೂ ತಣ್ಣನೆ ಗಾಳಿ ಬರುತ್ತಿದೆ. ಹಾಗಾದರೆ ಹೀಟರ್ ಕೋರಿಗೆ ಕೂಲಂಟ್ ತಲುಪುತ್ತಿಲ್ಲ. ಒಂದೋ ಸೋರಿಹೋಗಿದೆ, ಇಲ್ಲವೇ ವಾಟರ್ ಪಂಪ್ ತಳ್ಳುತ್ತಿಲ್ಲ. ಎರಡರಲ್ಲಿ ಯಾವುದಾದರೂ ಇನ್ನು ಒಂದು ನಿಮಿಷವೂ ಇಂಜಿನ್ ಓಡಬಾರದು. ನಿಲ್ಲಿಸಿ, ಕೀ ತಿರುಗಿಸಿ ಆಫ್ ಮಾಡಿ.

ಬಿಸಿಯಾದ ಇಂಜಿನ್ನನ್ನು ಆಫ್ ಮಾಡಬೇಕಾ, ಹಾಗೇ ಐಡಲ್‌ನಲ್ಲಿ ಬಿಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಎರಡಕ್ಕೂ ಕಾರಣ ಇದೆ. ಆಫ್ ಮಾಡಿದ ಕೂಡಲೇ ಕೂಲಂಟ್ ಓಡಾಟ ನಿಲ್ಲುತ್ತದೆ, ಹೆಡ್ಡಿನ ಬಿಸಿ ಅಲ್ಲೇ ಉಳಿದು ಸ್ವಲ್ಪ ಹೊತ್ತು ಇನ್ನೂ ಏರುತ್ತದೆ. ಆದ್ದರಿಂದ ಕೂಲಂಟ್ ಸೋರಿಲ್ಲ, ಫ್ಯಾನ್ ತಿರುಗುತ್ತಿದೆ, ಹೀಟರಿನಿಂದ ಬಿಸಿಗಾಳಿ ಬರುತ್ತಿದೆ, ಮುಳ್ಳು ಕೆಂಪಿನ ಕೆಳಗೇ ಇದೆ ಅಂದರೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಬಹುದು. ಇಳಿಯಲಿಲ್ಲವಾ, ಆಫ್. ಬಾನೆಟ್‌ನಿಂದ ಹಬೆ ಬರುತ್ತಿದ್ದರೆ, ಕೆಳಗೆ ನೀರು ಸುರಿಯುತ್ತಿದ್ದರೆ, ಮುಳ್ಳು ಕೆಂಪಿನಲ್ಲಿದ್ದರೆ ಕಾಯುವ ಮಾತೇ ಇಲ್ಲ. ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಕೈ ಹಾಕುವಾಗ ಜೋಪಾನ. ಎಲೆಕ್ಟ್ರಿಕ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು.

ಈಗ ಮುಚ್ಚಳದ ಮಾತು. ನನ್ನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಗುರುತಿದೆ. ಕೆಲಸ ಕಲಿಯುತ್ತಿದ್ದಾಗ ಒದ್ದೆ ಬಟ್ಟೆ ಸುತ್ತಿಕೊಂಡು ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದೆ. ಬಟ್ಟೆ ಇದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅಲ್ವಾ, ಆದರೆ ಆ ಮುಚ್ಚಳ ಒಳಗೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕುದಿಯಲು 120 ಡಿಗ್ರಿ ಬೇಕು, ಅರ್ಧ ಕೂಲಂಟ್ ಅರ್ಧ ನೀರು ಬೆರೆಸಿದ್ದು ಇನ್ನೂ ಮೇಲೆ. ಅಂದರೆ ಒಳಗೆ 110 ಡಿಗ್ರಿ ಬಿಸಿಯ ನೀರು ಕುದಿಯದೆ ಸುಮ್ಮನೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಹೋಗುತ್ತದೆ, ನೀರು ಒಮ್ಮೆಲೇ ಕುದಿದು ಹಬೆಯ ಜೊತೆ ಮೇಲೆ ಚಿಮ್ಮುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಲೂ ಆಗುವುದಿಲ್ಲ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ಮೇಲಿನ ದಪ್ಪ ರಬ್ಬರ್ ಪೈಪನ್ನು ಮೆಲ್ಲಗೆ ಮುಟ್ಟಿ ಹಿಸುಕಿ ನೋಡಿ. ಬಿಸಿಯಿದ್ದರೆ, ಕಲ್ಲಿನ ಹಾಗೆ ಗಟ್ಟಿಯಿದ್ದರೆ ಇನ್ನೂ ಕಾಯಿರಿ. ಕೈ ಇಟ್ಟುಕೊಳ್ಳುವಷ್ಟು ತಣ್ಣಗಾಗಿ ಪೈಪ್ ಮೆತ್ತಗಾದ ಮೇಲೆ, ಮುಖ ದೂರ ಇಟ್ಟುಕೊಂಡು, ಕಾಲು ಸುತ್ತು ತಿರುಗಿಸಿ ನಿಲ್ಲಿಸಿ, ಬುಸ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ನೀರು ಹಾಕುವುದೂ ಅಷ್ಟೇ ನಿಧಾನಕ್ಕೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಹೊರಗಿನಿಂದ ಬಕೆಟ್‌ನಲ್ಲಿ ಎರಚುವುದಂತೂ ಬೇಡವೇ ಬೇಡ. ಕೂಲಂಟ್ ಸಿಗದಿದ್ದರೆ ತುರ್ತಿಗೆ ಬರೀ ನೀರು ಪರವಾಗಿಲ್ಲ, ಆದರೆ ಆಮೇಲೆ ಅದನ್ನು ಬಸಿದು ಸರಿಯಾದ ಕೂಲಂಟ್ ತುಂಬಿಸಿ. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ, ಹಸಿರು, ಗುಲಾಬಿ ಬಣ್ಣಗಳಿಗೆ ಎಲ್ಲ ಕಂಪನಿಗೂ ಒಂದೇ ಅರ್ಥ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ತನ್ನಿ. ಚೆಲ್ಲಿದ್ದನ್ನು ನೀರು ಹಾಕಿ ತೊಳೆದುಬಿಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳು, ನಾಯಿ, ಬೆಕ್ಕು ಅದನ್ನು ನೆಕ್ಕುವ ಹಾಗೆ ಆಗಬಾರದು.

ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಕಾರು ಬಿಸಿಯಾಗುತ್ತದೆ ಅಂದರೆ ಕೆಲವರು ಥರ್ಮೋಸ್ಟಾಟ್ ಕಿತ್ತುಹಾಕಿ "ಇನ್ನು ತೊಂದರೆ ಇಲ್ಲ" ಅಂತ ಕಳಿಸುತ್ತಾರೆ. ಥರ್ಮೋಸ್ಟಾಟ್ ಅಂದರೆ ಕೂಲಂಟ್ ರೇಡಿಯೇಟರಿಗೆ ಹೋಗುವ ದಾರಿಯ ಬಾಗಿಲು, ಅದು ಇರುವುದು ಇಂಜಿನ್ ಬೇಗ ಬೆಚ್ಚಗಾಗಲಿ ಅಂತ. ಸಾಮಾನ್ಯವಾಗಿ 82ರಿಂದ 90 ಡಿಗ್ರಿಗೆ ಅದು ತೆರೆಯಲು ಶುರುವಾಗುತ್ತದೆ. ಅದಿಲ್ಲದ ಇಂಜಿನ್ ಯಾವಾಗಲೂ ತಣ್ಣಗೇ ಓಡಿ ಇಂಧನ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ, ಮತ್ತು ನಿಜವಾದ ರೋಗ ಒಳಗೇ ಉಳಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಕಿತ್ತು ಬಿಸಾಡಲು ಒಪ್ಪಬೇಡಿ.

ಎಸಿ ವಿಷಯಕ್ಕೆ ಬಂದರೆ, ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಎಸಿ ಜೋರು ಮಾಡಬೇಡಿ. ಮೊದಲು ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ, ಒಳಗಿನ ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ಬೇಗ ತಣ್ಣಗಾಗುತ್ತದೆ. ಆದರೆ ಅದೇ ಬಟನ್‌ನಲ್ಲಿ ಗಂಟೆಗಟ್ಟಲೆ ಹೋಗಬೇಡಿ. ನಾಲ್ಕು ಜನ ಬಿಟ್ಟ ಉಸಿರೇ ಒಳಗೆ ಸುತ್ತಿ ಡ್ರೈವರ್‌ಗೆ ತೂಕಡಿಕೆ ಬರುತ್ತದೆ. ಮಳೆಯಲ್ಲಿ ಗಾಜು ಮಂಜಾಗುವುದಕ್ಕೂ ಹೆಚ್ಚಾಗಿ ಈ ಬಟನ್ನೇ ಕಾರಣ. ಹೊರಗಿನ ಗಾಳಿಗೆ ಬದಲಾಯಿಸಿ, ಎಸಿ ಆನ್ ಇಟ್ಟು ಉಷ್ಣತೆ ಸ್ವಲ್ಪ ಏರಿಸಿ. ಎಸಿ ಗಾಳಿಯ ತೇವ ಹೀರುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ಮಂಜು ಗಾಜಿನ ಹೊರಗೆ ಕೂತಿದ್ದರೆ ಅದು ಬೇರೆ ವಿಷಯ, ಒಳಗೆ ತೀರಾ ತಣ್ಣಗಾಗಿದೆ ಅಂತ. ವೈಪರ್ ಹಾಕಿ, ಎಸಿ ತಂಪು ಕಡಿಮೆ ಮಾಡಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ಹತ್ತುತ್ತದೆ.

ಇಂಜಿನ್ ಓಡಿಸಬಾರದು ಅಂತ ಗೊತ್ತಾದ ಮೇಲೆ ಉಳಿಯುವುದು ಎಳೆಸಿಕೊಂಡು ಹೋಗುವುದು. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಯಾವಾಗಲೂ ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿಗೆ, ಹೈಬ್ರಿಡ್‌ಗೆ, ಎಲೆಕ್ಟ್ರಿಕ್ ಕಾರಿಗೆ ಅದೊಂದೇ ದಾರಿ ಅಂದುಕೊಳ್ಳಿ. ಎಲೆಕ್ಟ್ರಿಕ್ ಕಾರಿನ ಚಕ್ರ ತಿರುಗಿದರೆ ಮೋಟರ್ ಕೂಡ ತಿರುಗಿ ಕರೆಂಟ್ ಹುಟ್ಟುತ್ತದೆ, ಒಳಗಿನ ಭಾಗಗಳು ಸುಟ್ಟುಹೋಗಬಹುದು. ಆಟೋಮ್ಯಾಟಿಕ್ ಗೇರಿನ ಕಾರಿನ ಕಷ್ಟ ಬೇರೆ. ಗೇರ್‌ಬಾಕ್ಸಿಗೆ ಎಣ್ಣೆ ತಳ್ಳುವ ಪಂಪ್ ತಿರುಗುವುದು ಇಂಜಿನ್ನಿನಿಂದ. ಇಂಜಿನ್ ಆಫ್, ಚಕ್ರ ತಿರುಗುತ್ತಿದೆ ಅಂದರೆ ಒಳಗೆ ಎಣ್ಣೆ ಇಲ್ಲದೆ ತಿಕ್ಕಾಟ. ಕೆಲವು ಕಾರುಗಳ ಪುಸ್ತಕದಲ್ಲಿ ನ್ಯೂಟ್ರಲ್‌ನಲ್ಲಿ ಇಷ್ಟೇ ವೇಗ, ಇಷ್ಟೇ ದೂರ ಅಂತ ಬರೆದಿರುತ್ತದೆ, ಕೆಲವದರಲ್ಲಿ ಎಳೆಯಲೇ ಬೇಡಿ ಅಂತ. ಓದದೆ ಹಗ್ಗ ಕಟ್ಟಬೇಡಿ.

ಮ್ಯಾನ್ಯುವಲ್ ಗೇರಿನ ಕಾರನ್ನು ಹತ್ತಿರದ ಜಾಗಕ್ಕೆ ಹಗ್ಗದಲ್ಲಿ ಎಳೆಯಬಹುದು, ನೀವಿರುವ ಕಡೆ ಕಾನೂನು ಬಿಡುವುದಾದರೆ. ಕಟ್ಟುವ ಜಾಗವೇ ಮುಖ್ಯ. ಬಂಪರಿಗೆ, ಸಸ್ಪೆನ್ಷನ್ ಆರ್ಮ್‌ಗೆ, ಸ್ಟೇರಿಂಗ್ ರಾಡಿಗೆ ಹಗ್ಗ ಸುತ್ತಿ ಎಳೆದು, ಆಮೇಲೆ ಚಕ್ರ ಸೊಟ್ಟಗಾಗಿ ಬಂದ ಕಾರುಗಳನ್ನು ನಾನು ರಿಪೇರಿ ಮಾಡಿದ್ದೇನೆ. ಟೂಲ್ ಕಿಟ್‌ನಲ್ಲಿ ಒಂದು ಉಕ್ಕಿನ ಕೊಕ್ಕೆ ಇರುತ್ತದೆ, ಬಂಪರಿನಲ್ಲಿರುವ ಪುಟ್ಟ ಮುಚ್ಚಳ ತೆಗೆದು ಅಲ್ಲಿ ತಿರುಗಿಸಬೇಕು. ಹಲವು ಕಾರುಗಳಲ್ಲಿ ಅದು ಎಡಕ್ಕೆ ತಿರುಗಿಸುವ ಥ್ರೆಡ್. ಬಲಕ್ಕೆ ತಿರುಗಿಸಿ ಕೂರುತ್ತಿಲ್ಲ ಅಂತ ಒದ್ದಾಡಬೇಡಿ. ಎರಡು ಸುತ್ತು ಹತ್ತಿತು ಅಂತ ಬಿಡಲೂ ಬೇಡಿ, ತಳ ಮುಟ್ಟುವವರೆಗೆ ಹೋಗಿ ವೀಲ್ ಸ್ಪ್ಯಾನರ್ ತೂರಿಸಿ ಬಿಗಿ ಮಾಡಿ.

ಹಿಂದಿನ ಕಾರಿನಲ್ಲಿ ಕೂರುವವರು ಚೆನ್ನಾಗಿ ಓಡಿಸಲು ಬರುವವರೇ ಆಗಿರಬೇಕು. ಅವರ ಕೆಲಸವೇ ಕಷ್ಟದ್ದು. ಕೀ ಆನ್‌ನಲ್ಲಿ ಇರಲಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಇಂಜಿನ್ ಆಫ್ ಇರುವುದರಿಂದ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಬ್ರೇಕ್ ಇದೆ, ಆದರೆ ಕಾಲಿನ ಪೂರ್ತಿ ಬಲ ಹಾಕಬೇಕು. ಮುಂದಿನವರು ಹಗ್ಗ ಬಿಗಿಯಾಗುವವರೆಗೆ ತೆವಳುವ ಹಾಗೆ ಹೊರಡಬೇಕು, ಆಮೇಲೂ ವೇಗ ಗಂಟೆಗೆ 30 ಕಿಲೋಮೀಟರ್ ಒಳಗೇ ಇರಬೇಕು. ಹಿಂದಿನವರು ಬ್ರೇಕನ್ನು ಹಗುರವಾಗಿ ಮುಟ್ಟುತ್ತಾ ಹಗ್ಗ ಸಡಿಲ ಬೀಳದಂತೆ ನೋಡಿಕೊಳ್ಳಬೇಕು. ಸಡಿಲ ಬಿದ್ದ ಹಗ್ಗ ಚಕ್ಕನೆ ಎಳೆದಾಗಲೇ ಕಿತ್ತುಹೋಗುವುದು. ಕಿತ್ತ ಹಗ್ಗದ ತುದಿ ಚಾಟಿಯ ಹಾಗೆ ಬರುತ್ತದೆ, ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ಎರಡೂ ಕಾರಿನ ಹಜಾರ್ಡ್ ಲೈಟ್ ಉರಿಯುತ್ತಿರಲಿ. ಗೇರ್ ಹಾಕಿ ಎಳೆದು ಸ್ಟಾರ್ಟ್ ಮಾಡಿಬಿಡೋಣ ಅಂತ ಯಾರಾದರೂ ಹೇಳಿದರೆ ಖಂಡಿತ ಬೇಡ ಅನ್ನಿ. ಆ ಇಂಜಿನ್ ತಿರುಗಬಾರದು ಅಂತಲೇ ಎಳೆಯುತ್ತಿರುವುದು.

ಎಳೆಯುವ ಕಾರಿನ ಮುಳ್ಳಿನ ಮೇಲೂ ಒಂದು ಕಣ್ಣಿರಲಿ. ಹೊರೆ ದುಪ್ಪಟ್ಟು, ವೇಗ ಕಡಿಮೆ, ರೇಡಿಯೇಟರಿಗೆ ಗಾಳಿ ಕಡಿಮೆ. ಏರು ರಸ್ತೆಯಲ್ಲಿ ಎಸಿ ಆಫ್ ಮಾಡಿ, ಗೇರ್ ಕೆಳಗಿಳಿಸಿ.

ಗ್ಯಾರೇಜಿಗೆ ತಲುಪಿದಾಗ ಮೆಕ್ಯಾನಿಕ್‌ಗೆ "ಹೀಟ್ ಆಯ್ತು" ಅಂತ ಮಾತ್ರ ಹೇಳಬೇಡಿ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿಯುತ್ತಿತ್ತಾ? ಹಾಗಾದರೆ ನಾನು ಮೊದಲು ಫ್ಯಾನ್, ಅದರ ಫ್ಯೂಸ್, ರಿಲೇ ನೋಡುತ್ತೇನೆ. ಹೈವೇಯಲ್ಲಿ ವೇಗವಾಗಿ ಹೋಗುವಾಗ ಏರಿತಾ? ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲದಿರಬಹುದು. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬಂತಾ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿತ್ತಾ, ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಸೀಲಿನ ಕಡೆ ಕೈ ಹೋಗುತ್ತದೆ. ಹೀಟರ್ ಹಾಕಿದಾಗ ಬಂದದ್ದು ಬಿಸಿಗಾಳಿಯಾ ತಣ್ಣನೆಯದಾ ಅಂತ ನೆನಪಿಟ್ಟು ಹೇಳಿ. ಕೆಂಪಿಗೆ ಹೋದ ಮೇಲೆ ಎಷ್ಟು ದೂರ ಓಡಿಸಿದಿರಿ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಬೈಯುವುದಕ್ಕಲ್ಲ, ನೇರಪಟ್ಟಿ ತೆಗೆಯಬೇಕಾ ಬೇಡವಾ ಅಂತ ಅದರಿಂದಲೇ ನಮಗೆ ಗೊತ್ತಾಗುವುದು.