ಆಕಳು-ಕರುವಿನ ಕೆಳಗೆ ಬಂಗಾರ ಇಲ್ಲ

ವಾರಕ್ಕೊಮ್ಮೆಯಾದರೂ ಮೊಬೈಲಿಗೆ ಒಂದು ಶಾಸನದ ಕಲ್ಲಿನ ಫೋಟೊ ಬರುತ್ತದೆ. ಮೇಲೆ ಸೂರ್ಯ, ಚಂದ್ರ. ನಡುವೆ ಲಿಂಗ. ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಹಿಂದೆಯೇ ಪ್ರಶ್ನೆ: "ಸರ್, ಇದರ ಕೆಳಗ ಏನರ ಅದ ಏನ್ರಿ?"

"ಮಣ್ಣು ಅದರಿ" ಎಂದು ಬರೆದು ಕಳಿಸುತ್ತೇನೆ. ಯಾರೂ ನಂಬುವುದಿಲ್ಲ. ಆ ಚಿತ್ರಗಳು ನಿಧಿಯ ಗುರುತು ಎಂದೇ ಅವರ ಎಣಿಕೆ.

ಕಲಬುರಗಿ ಸುತ್ತಮುತ್ತ ಶಾಸನ ಓದುವುದು ನನ್ನ ಕೆಲಸ. ಈ ಒಂದು ಮಾತು ಹೇಳಿ ಹೇಳಿ ಸಾಕಾಗಿದೆ. ಆ ಚಿತ್ರಗಳನ್ನು ಏನನ್ನೋ ಬಚ್ಚಿಡಲು ಕೆತ್ತಿಲ್ಲ, ಗುಡಿಗೆ ಕೊಟ್ಟ ದಾನವನ್ನು ಸಾರಿ ಹೇಳಲು ಕೆತ್ತಿದ್ದಾರೆ. ಆಗ ಅಕ್ಷರ ಬಲ್ಲವರು ಎಷ್ಟು ಜನ? ಕೆಳಗೆ ಮೂವತ್ತು ಸಾಲು ಬರೆದರೂ ದನ ಕಾಯುವವನಿಗೆ ವಿಷಯ ಮುಟ್ಟಬೇಕಲ್ವಾ? ಸೂರ್ಯ-ಚಂದ್ರ ಅಂದರೆ ಅವು ಇರುವವರೆಗೂ ಈ ದಾನ ನಡೆಯಲಿ ಎಂದು. ಶಾಸನದಲ್ಲಿ 'ಆಚಂದ್ರಾರ್ಕ' ಎಂದು ಬರುತ್ತದಲ್ಲ, ಅದೇ. ಲಿಂಗ ಇದ್ದರೆ ಸಾಮಾನ್ಯವಾಗಿ ಶಿವನ ಗುಡಿಗೆ ಕೊಟ್ಟದ್ದು, ಜಿನ ಕೂತಿದ್ದರೆ ಬಸದಿಗೆ. ಆಕಳು-ಕರುವಿಗೆ ಒಂದೇ ಅರ್ಥ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದರೆ ಆಕಳು, ಕೊಂದ ಪಾಪ ಎಂದು ಎಷ್ಟೋ ಶಾಸನಗಳ ಕೊನೆಗೆ ಬರೆದಿರುತ್ತದೆ. ಗುಂಡಿ ತೋಡುವವರು ಅದನ್ನಾದರೂ ಓದಬೇಕಿತ್ತು.

ಶಿಲ್ಪಿಗಳು ತುಂಟಾಟ ಆಡಿಲ್ಲ ಅಂತಲ್ಲ. ಬಾದಾಮಿಯ ಒಂದನೇ ಗುಹೆಯ ಬಾಗಿಲಲ್ಲಿ ದ್ವಾರಪಾಲಕನ ಕೆಳಗೆ ನೋಡಿ. ತಲೆ ಒಂದೇ, ಮೈ ಎರಡು. ಒಂದು ಕಡೆ ಮುಚ್ಚಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಎತ್ತು. ನಾನು ಹೋದಾಗಲೆಲ್ಲ ಅಲ್ಲಿ ಹುಡುಗನಂತೆ ಕೈ ಅಡ್ಡ ಹಿಡಿದು ನಿಲ್ಲುತ್ತೇನೆ. ಆ ಗುಟ್ಟಿಗೆ ಅಂಗೈ ಸಾಕು, ಗುದ್ದಲಿ ಬೇಡ.

ನಮ್ಮ ಕಡೆ ನಿಜಕ್ಕೂ ಅಡಗಿದ್ದ ವಸ್ತು ಸಿಕ್ಕಿದ್ದು ಸನ್ನತಿಯಲ್ಲಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋದವು. ಅದನ್ನೂ ಬಚ್ಚಿಟ್ಟಿದ್ದರು ಅನಿಸುವುದಿಲ್ಲ. ಸುಮ್ನೆ ಒಳ್ಳೆ ಚಪ್ಪಡಿ ಸಿಕ್ಕಿತು ಅಂತ ಬಳಸಿರಬೇಕು.

ಒಮ್ಮೆ ಒಂದು ಹಳ್ಳಿಗೆ ಶಾಸನದ ಪಡಿಯಚ್ಚು, ಅಂದರೆ ಕಾಗದದ ಮೇಲೆ ಅಕ್ಷರಗಳ ಅಚ್ಚು, ತೆಗೆಯಲು ಹೋದೆ. ಹಿಂದಿನ ರಾತ್ರಿ ಯಾರೋ ಅಗೆದಿದ್ದರು. ಕಲ್ಲು ಎರಡು ತುಂಡು. ಒಡೆದದ್ದು ಸರಿಯಾಗಿ ಕಾಲ ಹೇಳುವ ಸಾಲಿನ ಮೇಲೆ. 'ಶಕವರ್ಷ' ಎಂಬಷ್ಟು ಉಳಿದಿದೆ, ಮುಂದಿನದು ಪುಡಿ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಪಕ್ಕದ ಮನೆಯ ಆಯಿ ಚಹಾ ತಂದುಕೊಟ್ಟಳು.

"ಗುಡಿಗಿ ಹೊಲ ಬಿಟ್ಟ ಕಲ್ಲದು. ಅದರ ಬುಡಕ ರೊಕ್ಕ ಎಲ್ಲಿಂದ ಬರಬೇಕು?"

ಆಕೆಗೆ ಓದಲು ಬರುವುದಿಲ್ಲ. ಯಾರು ಹೇಳಿದರು ಆಯಿ ಎಂದೆ.

"ಯಾರರ ಯಾಕ ಹೇಳಬೇಕೋ ತಮ್ಮಾ? ಮ್ಯಾಲ ಲಿಂಗ ಕಾಣ್ತದಲ್ಲ."